ಕಾಂದಿವಲಿಯ ಡಿಸ್ಕ್ ಕಾವಲುಗಾರನಿಗೆ ಒಂದು ರಜೆ

“ಎಂಥ ಮಾರಾಯ್ರೆ, ನಿಮ್ಮ ಕೆಲಸ ನೀವೇ ಮೆಷಿನ್ನಿಗೆ ಕಲಿಸಿಕೊಟ್ರೆ ಸೇಠ್ ನಿಮಗೆ ಕಾಯಂ ರಜೆ ಕೊಡ್ತಾರೆ, ನೋಡಿ!” ಎಂದು ನಕ್ಷೆ ವಿಭಾಗದ ಚೆನ್ನಯ ನಗುತ್ತಾರೆ. ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಕಂಪ್ಯೂಟರ್ ಕೇಂದ್ರದಲ್ಲಿ ಆಪರೇಟರ್ ಅಣವೀರಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಏಸಿ ಕೋಣೆಯಲ್ಲಿ ಕೂತಿದ್ದಾರೆ. “ಕಾಯಂದು ಆಮ್ಯಾಲೆ ನೋಡೂಣು, ಮೊದಲ ಎಂಟ ದಿನದ್ದು ಕೊಡ್ಲಿ” ಎನ್ನುತ್ತಾರೆ, ಕೀಬೋರ್ಡಿನಿಂದ ತಲೆ ಎತ್ತದೆ.

ಇಲ್ಲಿರುವುದು ಒಂದೇ ಯುನಿಕ್ಸ್ ಯಂತ್ರ, ಒಂದೇ ಡಿಸ್ಕ್. ಸುತ್ತಲಿನ ಕಾರ್ಖಾನೆಗಳ ಲೆಕ್ಕ, ನಕ್ಷೆ, ಪತ್ರ ಎಲ್ಲ ಅದರಲ್ಲೇ. ಯಂತ್ರ ಎಚ್ಚರಾಗುವುದೂ ಅದರಿಂದಲೇ. ಯಾರಿಗೆ ಎಷ್ಟು ಜಾಗ ಎಂಬ ಮಿತಿಗೆ ‘ಕೋಟಾ’ ಎನ್ನುತ್ತಾರೆ. ಕರೆಂಟು ಹೋಗಿ ಬಂದು ಯಂತ್ರ ಮತ್ತೆ ಶುರುವಾದಾಗಲೆಲ್ಲ ಈ ಕೋಟಾ ಆಫ್ ಆಗಿರುತ್ತದೆ. ರಾತ್ರಿ ಹಾಗಾಗಿದ್ದರೆ ಬೇರೆಯವರು ಬರುವ ಮೊದಲೇ ಅದನ್ನು ಕೈಯಾರೆ ಆನ್ ಮಾಡಲು ಅಣವೀರಪ್ಪ ಆರು ವರ್ಷದಿಂದ ದಿನವೂ ಧಾರಾವಿಯ ಖೋಲಿಯಿಂದ ಮೊದಲ ಲೋಕಲ್ ರೈಲು ಹಿಡಿದು ಬರುತ್ತಿದ್ದಾರೆ. ಡಿಸ್ಕ್ ತುಂಬದಿದ್ದರೆ ಇವರ ಹೆಸರು ಯಾರೂ ಕೇಳುವುದಿಲ್ಲ.

ಕಳೆದ ಮಳೆಗಾಲದಲ್ಲೊಮ್ಮೆ ಲೋಕಲ್ ಅಂಧೇರಿಯಲ್ಲೇ ನಿಂತುಬಿಟ್ಟಿತು. “ನಾ ಹಳಿ ಮ್ಯಾಲೆ ನಡಕೋತ ಬರೂದ್ರಾಗ ಈ ಚೆನ್ನಯಣ್ಣ ಎಲ್ಲಾ ನಕ್ಷಾ ಎರಡೆರಡ ಕಾಪಿ ಹೊಡದಿದ್ದ. ಡಿಸ್ಕ್ ತುಂಬಿ ಔಷಧ ಕಂಪನಿಯವ್ರು ಮುಂಜಾನಿಂದ ಟೈಪ್ ಮಾಡಿದ್ದೆಲ್ಲಾ ಹ್ವಾತು. ಅವತ್ತಿಂದ ಮ್ಯಾನೇಜರ್ ಸಾಹೇಬ್ರು ನನಗ ಒಂದ ದಿನಾನೂ ರಜಾ ಕೊಟ್ಟಿಲ್ಲ.” ಬಿಜಾಪುರದ ತವರಿನಲ್ಲಿ ಹೆಂಡತಿ ಸುಂದ್ರವ್ವ ಹೆತ್ತು ಎರಡು ತಿಂಗಳಾಯಿತು. ಮಗಳ ಮುಖ ಇವರಿನ್ನೂ ನೋಡಿಲ್ಲ.

ಯಂತ್ರ ಏಳುವಾಗ ತಾನೇ ಓದಿಕೊಳ್ಳುವ ಆಜ್ಞೆಗಳ ನಡುವೆ ಕೋಟಾದ ಸಾಲನ್ನೂ ಸೇರಿಸಿದರೆ? ಹೋದ ವಾರ ಸೇರಿಸಿದರು, ನಡೆಯಲಿಲ್ಲ. “ಎಲ್ಲಾಕ್ಕಿಂತ ಮ್ಯಾಲೆ ಬರದಿದ್ದೆ. ಆ ಹೊತ್ತಿಗೆ ಡಿಸ್ಕ್ ಬರೇ ಓದಾಕ ತೆರದಿರ್ತದ. ನಿದ್ದಿಗಣ್ಣಾಗ ಇದ್ದಾವಗ ಲೆಕ್ಕಾ ಬರಿ ಅಂದ್ರ ಬರೀತಾನೇನ್ರಿ?” ಈಗ ಆ ಸಾಲು ಕೆಳಗಿಳಿದಿದೆ: ಡಿಸ್ಕಿನ ತಪಾಸಣೆ ಮುಗಿದು, ಬರೆಯಲು ತೆರೆದ ಮೇಲೆ, ಯಾರನ್ನೂ ಒಳಗೆ ಬಿಡುವ ಮೊದಲು.

ಮೈಸೂರಿನ ಕಡೆಯ ಮ್ಯಾನೇಜರ್ ಕೇಶವಮೂರ್ತಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. “ನೀವು ಕೀಬೋರ್ಡ್ ಮುಟ್ಟಕೂಡದು ಅಣವೀರಪ್ಪ. ಕೋಟಾ ತಾನಾಗೇ ಆನ್ ಆದ್ರೆ ಇವತ್ತೇ ಊರಿಗೆ ಹೊರಡಿ. ಚೆನ್ನಯ, ನೀವು ನಿಮ್ಮ ಮಿತಿ ದಾಟೋ ಹಾಗೆ ಕಾಪಿ ಮಾಡಿ.”

“ಅದೊಂದು ನನಗೆ ಚೆನ್ನಾಗಿ ಬರ್ತದೆ ಸಾರ್.”

“ಮಗೂಗೆ ಹೆಸರಿಟ್ರಾ?” ಎಂದು ಮ್ಯಾನೇಜರ್ ಅಣವೀರಪ್ಪನವರನ್ನು ಕೇಳುತ್ತಾರೆ.

“ನಾ ಹ್ವಾದಮ್ಯಾಲೆ ತೊಟ್ಟಲಕ್ಕ ಹಾಕೂದ್ರಿ.”

ಕೇಶವಮೂರ್ತಿಯೇ ಯಂತ್ರವನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ತೆರೆಯ ಮೇಲೆ ಸಾಲುಗಳು ಒಂದೊಂದಾಗಿ ಏರುತ್ತವೆ. ಅಣವೀರಪ್ಪ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಚೆನ್ನಯ ನಕ್ಷೆಗಳ ಕಾಪಿ ಶುರು ಮಾಡುತ್ತಾರೆ. ಒಂದು, ಇನ್ನೊಂದು, ಮತ್ತೊಂದು. ಮುಂದಿನದಕ್ಕೆ ಟರ್ಮಿನಲ್ ಕೀಂಯ್ ಎಂದು, ಚೆನ್ನಯರ ಕೋಟಾ ಮುಗಿಯಿತೆಂದು ಹೇಳಿ ನಿಂತುಬಿಡುತ್ತದೆ. ಅಣವೀರಪ್ಪ ಕೈ ಬಿಚ್ಚಿ ಬಾಗಿಲಾಚೆ ಹೋಗಿ ಚಪ್ಪಲಿ ಮೆಟ್ಟುತ್ತಾರೆ.