ಇನ್ನೇನು ಮಾತಾಡುವ ಮುಖ

ಬೆಳಗಿನ ಐದೂವರೆ. ತಗಡಿನ ಶೆಡ್ಡಿನ ಷಟರ್ ಅರ್ಧಕ್ಕೆ ಎತ್ತಿದೆ. ಬಗ್ಗಿ ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕೈಗಳು. ಗೋಡೆಯ ಉದ್ದಕ್ಕೂ ಮೊಳೆಗೆ ನೇತುಹಾಕಿದ ಎಡಗೈಗಳು ಒಂದು ಸಾಲು, ಬಲಗೈಗಳು ಇನ್ನೊಂದು ಸಾಲು. ನೆಲದ ಮೇಲೆ ಸೊಂಟದವರೆಗಿನ ಕಾಲುಗಳು ಮಾತ್ರ ನಿಂತಿವೆ. ಹಲಗೆಯ ಮೇಲೆ ಒಂಬತ್ತು ತಲೆಗಳು, ಒಂದಕ್ಕೂ ಇನ್ನೂ ಕಣ್ಣಿಲ್ಲ. "ನಿಮ್ಮ ಹಿಂದೆ ಇರೋಳು ನಾನೇ, ಹೆದರ್ಕೋಬೇಡಿ" ಎಂದು ಯಾರೋ ಹೇಳುವಷ್ಟರಲ್ಲಿ ನಾನು ಹೆದರಿ ಮುಗಿಸಿದ್ದೇನೆ.

ಹಾಗೆಂದವರು ಮುಖದಕ್ಕ. ಈ ಬೀದಿಯಲ್ಲಿ ಅವರನ್ನು ತಿಳಿಯದವರಿಲ್ಲ, ಬೀದಿ ದಾಟಿದರೆ ತಿಳಿದವರಿಲ್ಲ. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಹೊಸ ಅಂಗಿ ತೊಟ್ಟು ನಿಲ್ಲುತ್ತವಲ್ಲ, ಆ ಆಳೆತ್ತರದ ಗೊಂಬೆಗಳನ್ನು ಮಾಡುವವರು ಅವರು. ವಯಸ್ಸು ಐವತ್ತೆಂಟು, ಕೆಲಸಕ್ಕೆ ನಲವತ್ತು ವರ್ಷ. ನಾವು ಅಂಗಿ ನೋಡುತ್ತೇವೆ, ಚೀಟಿಯ ಮೇಲಿನ ಬೆಲೆ ನೋಡಿ ಹುಬ್ಬು ಏರಿಸುತ್ತೇವೆ. ಆ ಮುಖ ಯಾರ ಕೈಯದು ಎಂದು ಕೇಳುವುದಿಲ್ಲ. ಕಳೆದ ವಾರದವರೆಗೆ ನಾನೂ ಕೇಳಿರಲಿಲ್ಲ.

ನಿನ್ನೆ ಸಂಜೆ ತುಂಬಿಟ್ಟ ಅಚ್ಚನ್ನು ಅವರು ಈಗ ಬಿಚ್ಚುತ್ತಿದ್ದಾರೆ. ಎರಡು ಹೋಳುಗಳ ನಡುವೆ ಮರದ ಬೆಣೆ ತೂರಿಸಿ ಅಂಗೈಯಿಂದ ಮೆಲ್ಲಗೆ ತಟ್ಟುತ್ತಾರೆ. ಟಪ್ಪೆಂದು ಸದ್ದಾಗಿ ಬೂದು ಬಣ್ಣದ ಮುಖವೊಂದು ಹೊರಬರುತ್ತದೆ. ಬೆರಳಿನ ಗೆಣ್ಣಿನಿಂದ ಅದರ ಹಣೆಗೆ ಮೂರು ಸಲ ಕುಟ್ಟಿ, ತಮ್ಮ ಕಿವಿಯನ್ನು ಅದರ ಬಾಯಿಯ ಬಳಿಗೆ ತರುತ್ತಾರೆ. "ಗಾಳಿಗುಳ್ಳೆ ಒಳಗೆ ಕೂತಿದ್ರೆ ಸದ್ದು ಬೇರೆ ಬರುತ್ತೆ. ಹಣೆಗೆ ಕುಟ್ಟಿ ಬಾಯಲ್ಲಿ ಕೇಳ್ಬೇಕು. ಟೊಳ್ಳು ತಲೆ ಅಲ್ವಾ, ಒಳಗಿರೋದೆಲ್ಲ ಬಾಯಿಂದಾನೇ ಹೊರಗೆ ಬರೋದು. ಮನುಷ್ಯರದೂ ಅಷ್ಟೇ ಬಿಡಿ" ಎಂದು ನಗುತ್ತಾರೆ.

ದಿನಕ್ಕೆ ಮೂರು ತಲೆ. ತಲೆಗೆ ಎರಡು ಕಣ್ಣು, ಕಣ್ಣಿಗೆ ಮೇಲೆ ಇಪ್ಪತ್ತೆರಡು ರೆಪ್ಪೆಗೂದಲು, ಕೆಳಗೆ ಒಂಬತ್ತು. ಎಲ್ಲವನ್ನೂ ಬೆಳಗಿನ ಎಂಟು ಗಂಟೆಯೊಳಗೆ ಬರೆದು ಮುಗಿಸಬೇಕು, ಆಮೇಲೆ ತಗಡು ಕಾದು ಬಣ್ಣ ಹರಿಯುತ್ತದೆ. ಫೈಬರ್ ಗಟ್ಟಿಮಾಡುವ ರೆಸಿನ್ನಿನ ಘಾಟಿಗೆ ಅವರ ಮೂಗು ಎಂದೋ ವಾಸನೆ ಹಿಡಿಯುವುದನ್ನೇ ಬಿಟ್ಟಿದೆ. ಉಪ್ಪುಕಾಗದದಲ್ಲಿ ಕೆನ್ನೆಗಳನ್ನು ಉಜ್ಜಿ ಉಜ್ಜಿ ಬೆರಳ ತುದಿಯ ಗೆರೆಗಳೂ ಅಳಿಸಿಹೋಗಿವೆ. ಹೋದ ವರ್ಷ ಯಾವುದೋ ಕಚೇರಿಯ ಯಂತ್ರ ಅವರ ಹೆಬ್ಬೆರಳನ್ನು ಏಳು ಸಲ ಒತ್ತಿಸಿಕೊಂಡು, ಇಂಥವರು ಇಲ್ಲವೇ ಇಲ್ಲ ಎಂದಿತಂತೆ. "ಊರಿಗೆಲ್ಲ ಅಚ್ಚು ಹಾಕ್ಕೊಟ್ಟು ನನ್ನ ಬೆರಳಚ್ಚೇ ಹೋಯ್ತು ನೋಡಿ" ಎನ್ನುತ್ತಾರೆ. ನಗಬೇಕೋ ಬೇಡವೋ ತಿಳಿಯದೆ ನಾನು ಹಲ್ಲು ಬಿಡುತ್ತೇನೆ.

ಅಷ್ಟರಲ್ಲಿ ಒಳಬಾಗಿಲಿನಿಂದ ಅವರ ಮಗಳು ಟೀ ತರುತ್ತಾಳೆ. ಲೋಟ ತೆಗೆದುಕೊಳ್ಳಲು ತಲೆ ಎತ್ತಿ ನೋಡುತ್ತೇನೆ. ಇವಳನ್ನು ನಾನು ನೋಡಿದ್ದೇನೆ. ಅಂಗಿ ಕೊಂಡ ಅಂಗಡಿಯಲ್ಲಿ, ಬಸ್ ನಿಲ್ದಾಣದೆದುರಿನ ಗಾಜಿನ ಹಿಂದೆ, ಇನ್ನೂ ಎಲ್ಲೆಲ್ಲೋ. ಎಡಗಡೆ ತುಟಿಯ ತುದಿ ಒಂದಿಷ್ಟೇ ಎತ್ತಿದೆ, ಇನ್ನೇನು ಮಾತಾಡುತ್ತಾಳೆ ಎಂಬಂತೆ. ಮೊಬೈಲು ತಾನಾಗಿ ಕೈಗೆ ಬರುತ್ತದೆ. ಮುಖದಕ್ಕ ತಲೆ ಎತ್ತದೆಯೇ ಹೇಳುತ್ತಾರೆ, "ಕೇಳ್ದೆ ತೆಗೀಬೇಡಿ. ಆ ಮುಖಾನ ಎಲ್ಲರೂ ಕೇಳ್ದೇನೇ ತೆಗೆದಿರೋದು." ನಾನು ಮೊಬೈಲನ್ನು ಜೇಬಿಗೆ ತುರುಕುತ್ತೇನೆ.

ಕಥೆ ಮೂವತ್ತನಾಲ್ಕು ವರ್ಷ ಹಳೆಯದು. ಮುಖದಕ್ಕನಿಗೆ ಆಗ ಇಪ್ಪತ್ನಾಲ್ಕು, ಅವರ ತಂಗಿ ಪುಟ್ಟಿಗೆ ಹತ್ತೊಂಬತ್ತು. ಅಪ್ಪ ಮಾಡಿಟ್ಟ ಅಚ್ಚುಗಳಲ್ಲೇ ಗೊಂಬೆ ಎರೆದು ಬೇಸತ್ತ ಅಕ್ಕ, ತನ್ನದೇ ಒಂದು ಮುಖ ಮಾಡಬೇಕೆಂದು ತಂಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಜೇಡಿಮಣ್ಣು ಹಿಡಿದಳು. ಮೂರು ಬೆಳಗು ಕೆಲಸ ನಡೆಯಿತು. "ಕೂತ್ಕೋ ಅಂದೆ, ಕೂತ್ಲು. ನಿನ್ನ ಮುಖ ತಗೊಳ್ಳಲಾ ಅಂತ ಕೇಳ್ಲಿಲ್ಲ. ತಂಗಿನ ಏನ್ ಕೇಳೋದು!" ಮೂರನೆಯ ಬೆಳಗು ತುಟಿಯ ಕೆಲಸ ನಡೆಯುವಾಗ ಪುಟ್ಟಿ ಏನೋ ಹೇಳಲು ಬಾಯಿ ತೆರೆದಳು. "ಬಾಯ್ ಮುಚ್ಚೇ, ಅಲ್ಲಾಡ್ಬೇಡ, ಆಮೇಲೆ ಹೇಳು ಅಂದೆ. ಸುಮ್ನಾದ್ಲು. ಆದ್ರೆ ಕೈ ಅಷ್ಟೊತ್ತಿಗೆ ಆ ತುಟೀನ ಹಿಡಿದುಬಿಟ್ಟಿತ್ತು." ಅಚ್ಚಿಗೆ ಪ್ಲಾಸ್ಟರ್ ಸಾಲದೆ, ಇನ್ನೊಂದು ಚೀಲ ತರಲು ಪುಟ್ಟಿ ಸೈಕಲ್ ಹತ್ತಿ ಹೋದಳು. ತಿರುವಿನಲ್ಲಿ ಇಟ್ಟಿಗೆ ಲಾರಿ. ಆಮೇಲೆ ಎಂಬುದು ಬರಲೇ ಇಲ್ಲ.

ಈ ಕಸುಬಿನಲ್ಲಿ ಗೊಂಬೆಯ ತುಟಿ ನೆಟ್ಟಗಿರಬೇಕು. ಮುಖ ಏನಾದರೂ ಹೇಳುವಂತಿದ್ದರೆ ಗಿರಾಕಿ ಅಂಗಿ ಬಿಟ್ಟು ಮುಖ ನೋಡುತ್ತಾನೆ. ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಮುಖದಕ್ಕ ಆ ತಪ್ಪನ್ನು ತಿದ್ದಲಿಲ್ಲ, ತಿದ್ದಲು ಮನಸ್ಸು ಬರಲಿಲ್ಲ. ಪುಟ್ಟಿಯದು ಒಂದೇ ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಆದರೆ ಗಿರಾಕಿಗಳು ಗಾಜಿನ ಮುಂದೆ ನಿಂತರು, ಏನು ಹೇಳುತ್ತಿದ್ದಾಳೆ ಎಂದು ಹತ್ತಿರ ಬಂದರು, ಬಂದವರು ಅಂಗಿಯನ್ನೂ ಕೊಂಡರು. ಮೊದಲ ಅಚ್ಚಿನಿಂದ ಮುಖದಕ್ಕ ತೆಗೆದದ್ದು ಒಟ್ಟು ನಲವತ್ತೊಂದು ಮುಖ. ಪ್ಲಾಸ್ಟರಿನ ತುಟಿ ಪುಡಿಯಾಗಿ ಉದುರತೊಡಗಿದಾಗ ಅಚ್ಚನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅದು ತಡೆದುಕೊಳ್ಳುವುದು ಇನ್ನು ಹೆಚ್ಚೆಂದರೆ ನಾಲ್ಕು ಸಲ. ಈಗ ಹೊಟ್ಟೆಪಾಡಿಗೆ ಮಾಡುವುದೆಲ್ಲ ತುಟಿ ನೆಟ್ಟಗಿರುವ ಬೇರೆ ಮುಖಗಳು.

ನಲವತ್ತೊಂದೇ ತೆಗೆದಿದ್ದರೆ ನಾನು ಕಂಡ ಅಷ್ಟೊಂದು ಮುಖಗಳು ಎಲ್ಲಿಯವು? ಅದನ್ನು ತೋರಿಸಲು ಮಗಳು ನನ್ನನ್ನು ಅಂಗಡಿ ಬೀದಿಗೆ ಕರೆದೊಯ್ಯುತ್ತಾಳೆ. ಆರೂಕಾಲು ಗಂಟೆ, ಒಂದು ಅಂಗಡಿಯೂ ತೆರೆದಿಲ್ಲ. ಮೊದಲ ಗಾಜಿನ ಹಿಂದೆ ಅವಳದೇ ಮುಖ. ಇದು ಬೀದಿಯ ಆ ತುದಿಯ ಶೆಡ್ಡಿನ ಕಾರ್ಬನ್ ಮಾಮನ ಕೆಲಸ. ನಕಲಿಗೆಂದು ಹಾಳೆಗಳ ನಡುವೆ ಇಡುತ್ತಿದ್ದ ನೀಲಿ ಕಾಗದದ ನೆನಪಿಗೆ ಆ ಹೆಸರಿಟ್ಟವರು ಮುಖದಕ್ಕನೇ. ಇಪ್ಪತ್ತಾರು ವರ್ಷದ ಹಿಂದೆ, ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಿಂದ ಆತ ಪುಟ್ಟಿಯ ಮುಖದ ಗೊಂಬೆ ಕೊಂಡು, ಅದರ ಮೇಲೇ ಅಚ್ಚು ತೆಗೆದ. ಆತನ ಗೊಂಬೆಯಿಂದ ಇನ್ನೊಬ್ಬ, ಅವನದರಿಂದ ಮತ್ತೊಬ್ಬ. ಹೀಗೆ ನಕಲಿನ ನಕಲು ಇಳಿಯುತ್ತ ಹೋಯಿತು.

"ಒಂದೊಂದು ಸಲ ಎರೆದಾಗಲೂ ರೆಸಿನ್ ಒಂಚೂರು ಕುಗ್ಗುತ್ತೆ. ನೋಡ್ತಾ ಬನ್ನಿ" ಎನ್ನುತ್ತಾಳೆ ಮಗಳು. ನೋಡುತ್ತೇನೆ. ಎರಡನೆಯ ಅಂಗಡಿಯಲ್ಲಿ ಮುಖ ಸ್ವಲ್ಪ ಚಿಕ್ಕದು. ಐದನೆಯದರಲ್ಲಿ ಇನ್ನೂ ಚಿಕ್ಕದು, ಮೇಲಕ್ಕೆತ್ತಿದ ತುಟಿಯ ತುದಿ ಇಳಿದಿದೆ. ಎಂಟನೆಯದರಲ್ಲಿ ತುಟಿಗಳ ನಡುವಿನ ಸೀಳು ಕೂದಲೆಳೆಯಷ್ಟು. ಬೀದಿಯ ಕೊನೆಯಲ್ಲಿ ಮಕ್ಕಳ ಬಟ್ಟೆ ಅಂಗಡಿ. ಗಾಜಿನ ಹಿಂದೆ ಹಳದಿ ಲಂಗ ತೊಟ್ಟ ಹತ್ತು ವರ್ಷದ ಗೊಂಬೆ, ಅದರ ಕುತ್ತಿಗೆಯ ಮೇಲೆ ಅದೇ ಹತ್ತೊಂಬತ್ತರ ಮುಖ, ಮಗುವಿನ ಅಳತೆಗೆ ಕುಗ್ಗಿ ಕೂತಿದೆ. ಬಾಯಿ ಪೂರ್ತಿ ಮುಚ್ಚಿದೆ. ಇದೂ ಕಾರ್ಬನ್ ಮಾಮನದೇ, ಈಚಿನದು ಎನ್ನುತ್ತಾಳೆ ಮಗಳು. ಗಾಜಿನ ಮೇಲೆ ಮಗಳ ಪ್ರತಿಬಿಂಬ ಬಿದ್ದು ಎರಡೂ ಮುಖ ಒಂದರ ಮೇಲೊಂದು ಕೂಡುತ್ತವೆ, ನಾನು ಬೇಕೆಂದೇ ರಸ್ತೆಯ ಕಡೆ ತಿರುಗುತ್ತೇನೆ.

"ನಾನು ಹುಟ್ಟಿದಾಗಿಂದ ಎಲ್ಲರೂ ಚಿಕ್ಕಮ್ಮನ ಪಡಿಯಚ್ಚು ಅಂತಾರೆ. ಒಂದ್ಸಲ ಇಲ್ಲೇ ಯಾರಿಗೋ ಕಾಯ್ತಾ ಸುಮ್ನೆ ನಿಂತಿದ್ದೆ. ಒಬ್ಬ ಹೆಂಗಸು ಬಂದು ನನ್ನ ತೋಳಿನ ಬಟ್ಟೆ ಮುಟ್ಟಿ ನೋಡಿ, ಬೆಲೆ ಚೀಟಿ ಹುಡುಕಿದ್ಲು. ನಾನು ಏನು ಬೇಕು ಅಂದೆ. ಕಿಟಾರ್ ಅಂತ ಕಿರುಚಿ ಓಡಿದ್ಲು." ಹೇಳುತ್ತ ನಕ್ಕವಳು ಗಾಜುಗಳ ಸಾಲಿನ ಕಡೆ ಬೆರಳು ಮಾಡುತ್ತಾಳೆ. "ಎಲ್ಲಾ ಅಂಗಡೀಲೂ ನಾನು ಮಾರಾಟಕ್ಕೆ ನಿಂತಿದೀನಿ. ಅಮ್ಮನಿಗೆ ಒಂದು ಕಾಸು ಬಂದಿಲ್ಲ, ನನ್ನ ಯಾರೂ ಒಂದ್ಮಾತು ಕೇಳಿಲ್ಲ. ಮುಖ ಇಟ್ಕೊಂಡಿರೋರಿಗೂ ಹಕ್ಕಿಲ್ಲ, ಮಾಡಿದೋರಿಗೂ ಹಕ್ಕಿಲ್ಲ ಅಂದ್ರೆ ಹೇಗೆ?"

ನನ್ನದೂ ಒಂದು ಸಂಕಟವಿದೆ. ಎರಡು ವರ್ಷದ ಹಿಂದೆ ಬರೆದ ಲೇಖನವೊಂದು ನನ್ನ ಹೆಸರು ಕಳಚಿಕೊಂಡು ಮೊಬೈಲಿನಿಂದ ಮೊಬೈಲಿಗೆ ಹಾರಿ, ಕೊನೆಗೆ ನನಗೇ ಬಂತು, "ತಪ್ಪದೆ ಓದಿ, ಕಣ್ಣು ತೆರೆಸುತ್ತದೆ" ಎಂಬ ಒಕ್ಕಣೆಯೊಂದಿಗೆ. ಕೊನೆಯ ಪ್ಯಾರಾ ಹಾರಿಹೋಗಿತ್ತು. ಸಿಟ್ಟೂ ಬಂತು, ಇಷ್ಟು ಜನ ಓದಿದರಲ್ಲ ಎಂದು ಖುಷಿಯೂ ಆಯಿತು. ಯಾವುದು ಹೆಚ್ಚು ಎಂದು ಇವತ್ತಿಗೂ ಹೇಳಲಾರೆ. ಆದರೆ ಆ ಹಳದಿ ಲಂಗದ ಗೊಂಬೆಯ ಮುಂದೆ ನಿಂತಾಗ ಖುಷಿಯ ಪಾಲು ಕರಗಿದ್ದು ನಿಜ.

ಶೆಡ್ಡಿಗೆ ಮರಳಿದರೆ ಷಟರಿನ ಹೊರಗೆ ಚೀಲ ಹಿಡಿದ ವಯಸ್ಸಾದ ಗಂಡಸೊಬ್ಬ ನಿಂತಿದ್ದಾನೆ. ಕಾರ್ಬನ್ ಮಾಮ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಈ ಹೊಸ್ತಿಲು ತುಳಿದವನಲ್ಲ.

"ಯಾವ ಮುಖ ಇಟ್ಕೊಂಡು ಬಂದ್ಯೋ?" ಎನ್ನುತ್ತಾರೆ ಮುಖದಕ್ಕ.

"ನಿಂದೇ ಅಕ್ಕ" ಎಂದು ಆತ ಚೀಲದಿಂದ ಒಂದು ತಲೆ ತೆಗೆದು ಹಲಗೆಯ ಮೇಲಿಡುತ್ತಾನೆ. "ನನ್ನ ಮೊದಲ್ನೇ ಅಚ್ಚು ಬಿರುಕು ಬಿಟ್ಟು ಎಷ್ಟೋ ವರ್ಷ ಆಯ್ತು. ಅವರಿವರ ಗೊಂಬೆ ಮೇಲೆ ಅಚ್ಚು ತೆಗೆದು ತೆಗೆದು ಹೀಗಾಗಿದೆ. ಅಂಗಡಿಯವರು ವಾಪಸ್ ಕಳಿಸ್ತಿದಾರೆ. ಸತ್ತೋರ ಹಾಗೆ ಕಾಣುತ್ತೆ ಅಂತಾರೆ." ಆಮೇಲೆ, "ನನ್ನದನ್ನ ಬೇರೆಯವರು ಕದೀತಾರೆ ಅಕ್ಕ, ನ್ಯಾಯಾನೇ ಇಲ್ಲ" ಎನ್ನುತ್ತಾನೆ. ಮಗಳು ಬಿದ್ದು ಬಿದ್ದು ನಗುತ್ತಾಳೆ. ಆತನಿಗೆ ತಾನೇನು ಹೇಳಿದೆ ಎಂದು ತಡವಾಗಿ ಹೊಳೆದು ಕಿವಿ ಕೆಂಪಗಾಗುತ್ತದೆ. ಆದರೂ ಪಟ್ಟು ಬಿಡುವುದಿಲ್ಲ. "ನಾನು ಕಾಪಿ ಮಾಡ್ದೆ, ನಿಜ. ಮಾಡ್ದಿದ್ರೆ ಪುಟ್ಟಿ ಮುಖ ನಾಲ್ಕು ದೊಡ್ಡ ಅಂಗಡೀಲಿ ಇದ್ದು ಹಳೇದಾಗಿ ಗುಜರಿಗೆ ಹೋಗಿರೋದು. ಸಣ್ಣ ಅಂಗಡಿಗಳಿಗೆ ಹಂಚಿದ್ದು ನಾನು. ಒಂದೇ ಒಂದು ಮುಖ ನಿನ್ನ ಮೊದಲ್ನೇ ಅಚ್ಚಿಂದ ತೆಕ್ಕೊಡು ಅಕ್ಕ."

"ಉಳಿದಿರೋದೇ ನಾಲ್ಕು. ಕೊಡ್ಬೇಡಮ್ಮ" ಎನ್ನುತ್ತಾಳೆ ಮಗಳು.

ಮುಖದಕ್ಕ ಆ ಸಣ್ಣ ತಲೆಯನ್ನು ಎತ್ತಿಕೊಂಡು ಗೆರೆ ಅಳಿದ ಬೆರಳಿನಿಂದ ಅದರ ತುಟಿಯ ಮೇಲೆ ಸವರುತ್ತಾರೆ. "ಬಾಯ್ ಮುಚ್ಚು ಅಂದಿದ್ದೆ ನಾನು. ಮೂವತ್ನಾಲ್ಕು ವರ್ಷ ಆದ್ಮೇಲೆ ಈಗ ನನ್ನ ಮಾತು ಕೇಳ್ತಿದಾಳೆ" ಎನ್ನುತ್ತಾರೆ. ಆಮೇಲೆ ಕಾರ್ಬನ್ ಮಾಮನ ಕಡೆ ತಿರುಗುತ್ತಾರೆ. "ನನ್ನ ಕೇಳ್ಬೇಡ. ಮೊದಲು ಕೇಳ್ದೆ ತಗೊಂಡೋಳು ನಾನೇ. ಮುಖ ಇವಳದು, ಇವಳನ್ನ ಕೇಳು."

ಆತ ತನ್ನ ಅರ್ಧ ವಯಸ್ಸಿನವಳ ಮುಂದೆ ನಿಂತು ತಡವರಿಸುತ್ತಾನೆ. "ತಗೊಳ್ಳಲಾ ಮಗಳೇ?"

ಆ ಪ್ರಶ್ನೆಗಾಗಿ ಇಷ್ಟು ವರ್ಷ ಕಾದವಳು ಮಗಳು, ಅದು ಕಿವಿಗೆ ಬಿದ್ದಾಗ ಅವಳ ಕಣ್ಣು ತುಂಬುತ್ತದೆ. "ದುಡ್ಡು ಕೊಡ್ಬೇಕು ಮಾಮ, ಗೊಂಬೆಗೆ ಇಷ್ಟು ಅಂತ. ಪುಕ್ಕಟೆ ಕೊಟ್ರೆ ನಾಳೆ ಮತ್ತೆ ನಕಲಿಂದ ನಕಲು ಎರೀತೀರಿ, ದುಡ್ಡು ಕೊಟ್ರೆ ಜೋಪಾನ ಮಾಡ್ತೀರಿ. ಇನ್ನೊಂದು. ನೀವು ಮಾಡಿರೋ ಬಾಯಿ ಮುಚ್ಚಿರೋ ಮುಖಗಳನ್ನೆಲ್ಲ ತಂದು ಇಲ್ಲೇ ಒಡೀಬೇಕು. ಆ ಹಳದಿ ಲಂಗದ್ದು ಮೊದಲು." ಆತ ತಲೆಯಾಡಿಸುತ್ತಾನೆ. ಜೊತೆಯಲ್ಲಿ ತಂದ ತಲೆಯನ್ನು ಮುಖದಕ್ಕನ ಕೈಯಿಂದ ಇಸಿದುಕೊಂಡು ತಾನೇ ನೆಲಕ್ಕೆ ಹಾಕಿ ಸುತ್ತಿಗೆ ಕೇಳುತ್ತಾನೆ.

ಮರದ ಪೆಟ್ಟಿಗೆಯ ಬೀಗ ತೆರೆಯುತ್ತದೆ. ಮುಖದಕ್ಕ ಅಚ್ಚಿನೊಳಗೆ ಮೇಣ ಸವರಿ, ರೆಸಿನ್ ಬಳಿದು, ಫೈಬರಿನ ತುಂಡುಗಳನ್ನು ಒಂದೊಂದಾಗಿ ಒತ್ತುತ್ತಾರೆ. ಗಟ್ಟಿಯಾಗಲು ಮೂರು ಗಂಟೆ. ಅಷ್ಟು ಹೊತ್ತೂ ಕಾರ್ಬನ್ ಮಾಮ ಸ್ಟೂಲಿನ ಮೇಲೆ ಅಲ್ಲಾಡದೆ ಕೂತಿದ್ದಾನೆ. ಬೆಣೆ ತೂರಿ, ಟಪ್ಪೆಂದು ಸದ್ದಾಗಿ ಮುಖ ಹೊರಬಂದಾಗ ನನಗೆ ಮಗಳು ಪಕ್ಕದಲ್ಲಿದ್ದಾಳೋ ಹಲಗೆಯ ಮೇಲಿದ್ದಾಳೋ ಎಂದು ಒಂದು ಗಳಿಗೆ ಗೊಂದಲವಾಗುತ್ತದೆ. ತುಟಿಯ ಎಡತುದಿ ಎತ್ತಿದೆ. ಬಾಯಿ ತೆರೆದಿದೆ.

ಈ ಸಲ ಮುಖದಕ್ಕ ಹಣೆಗೆ ಕುಟ್ಟುವುದಿಲ್ಲ. ಕಿವಿಯನ್ನು ಆ ಬಾಯಿಗೆ ತಾಗಿಸಿ, ಮಗುವಿಗೆ ಹೇಳುವಷ್ಟು ಮೆತ್ತಗೆ, "ಹೂಂ, ಈಗ ಹೇಳೇ" ಎನ್ನುತ್ತಾರೆ. ಮೊದಲ ನಲವತ್ತೊಂದು ಸಲವೂ ಹೀಗೇ ಅಂತೆ ಎಂದು ಮಗಳು ನನ್ನ ಕಿವಿಯಲ್ಲಿ ಹೇಳುತ್ತಾಳೆ. ತಗಡು ಬಿಸಿಲಿಗೆ ಚಟಚಟ ಎನ್ನುತ್ತಿದೆ. ಏನಾದರೂ ಕೇಳಿಸಿದರೆ ಎಂಬ ಭಯಕ್ಕೆ ನಾನು ಉಸಿರು ಬಿಗಿಹಿಡಿದಿದ್ದೇನೆ.

ಈ ಲೇಖನದ ಜೊತೆ ಚಿತ್ರವಿಲ್ಲ. ಹೊರಡುವ ಮುಂಚೆ ಮಗಳನ್ನು ಕೇಳಿದೆ, ಬೇಡ ಎಂದಳು. ಅವಳ ತಾಯಿಯನ್ನು, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ, ಉದುರಿದ ಪ್ಲಾಸ್ಟರ್ ಪುಡಿಯನ್ನು ಅಂಗೈಯಲ್ಲಿ ಒಟ್ಟುಮಾಡಿ, ಅದನ್ನೂ ಪೆಟ್ಟಿಗೆಯೊಳಗೆ ಸುರಿದು ಬೀಗ ಹಾಕುತ್ತಾರೆ.

"ಆಸೆ ಏನು ಬಂತು," ಎನ್ನುತ್ತಾರೆ. "ಇನ್ನು ಮೂರು ಸಲ ಕೇಳ್ಬಹುದು."