ಟಿವಿಯ ಮೇಲೆ ಅಳಗುಳಿ ಮಣೆ

ಆ ಭಾನುವಾರ ತಂಗಿ ಶಿಕಾರಿಪುರದ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಲ್ಯಾಪ್‌ಟಾಪಿನ ಜೊತೆ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಇತ್ತು. ಯಾರೋ ಆಡಿ ಬಿಟ್ಟ ಹಳೆಯ ಮಾದರಿ. ಮನೆಯಲ್ಲೇ ಬರೆದ ಆಟವನ್ನು ಪೆನ್‌ಡ್ರೈವ್‌ನಿಂದ ಅದಕ್ಕೆ ಹಾಕಬಹುದಂತೆ. ಅವಳು ಸೊರಬದಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದಳು. ನಾನು ಬಟ್ಟೆ ಹೊಲಿಯುತ್ತೇನೆ.

ಚಿಕ್ಕಂದಿನಿಂದ ನಾವು ಆಡಿದ್ದು ಅಳಗುಳಿ ಮಣೆ. ಅವಳು ಅದನ್ನೇ ಜಾವಾದಲ್ಲಿ ಬರೆದು ಲ್ಯಾಪ್‌ಟಾಪಿನಲ್ಲಿ ಆಡಿಸಿದ್ದಳು. ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದು ಕರು. ಆ ಗುಳಿ ಯಾರ ಬದಿಯದೋ ಅವರಿಗೆ ಸೇರುತ್ತದೆ. ಅವಳ ಆಟದಲ್ಲಿ ಕರು ತಾನಾಗಿಯೇ ಸೇರಿಬಿಡುತ್ತಿತ್ತು. ನಮ್ಮ ಮನೆಯ ಪದ್ಧತಿ ಹಾಗಲ್ಲ. ಮುಂದಿನ ಬೀಜ ಬೀಳುವ ಮೊದಲು ನೋಡಿ, ಕರು ಅಂತ ಕೂಗಬೇಕು. ಮಾತಿನಲ್ಲಿ ಮೈಮರೆತರೆ ಹೋಯಿತು. ಎದುರಿನವರನ್ನು ಮಾತಿಗೆಳೆಯುವುದೇ ಅರ್ಧ ಆಟ. ನಿನ್ನದು ಸಪ್ಪೆ ಎಂದಿದ್ದೆ.

“ಮರೆಯೋದನ್ನ ನಾ ಹೆಂಗೆ ಬರೀಲಿ ಮಾರಾಯ್ತಿ?” ಎಂದು ನಕ್ಕಿದ್ದಳು.

ಆಮೇಲೆ ಅವಳೇ ದಾರಿ ಹುಡುಕಿದಳು. ಕೂಗುವ ಬದಲು ಗುಂಡಿ ಒತ್ತುವುದು. ಆದರೆ ಒಂದೇ ಕೀಬೋರ್ಡಿಗೆ ಇಬ್ಬರ ಕೈ. ನಾನು ಅವಳ ಕೈ ಹಿಡಿದುಕೊಂಡು ಗೆಲ್ಲುತ್ತಿದ್ದೆ. ಆದ್ದರಿಂದಲೇ ಈ ಕನ್ಸೋಲ್. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ರಿಮೋಟ್.

ತೊಡಕೆಂದರೆ ಕನ್ಸೋಲಿಗೆ ಜಾವಾ ಬರುವುದಿಲ್ಲ. ಎಲ್ಲವನ್ನೂ ಇನ್ನೊಂದು ಭಾಷೆಗೆ ತಿರುಗಿಸಬೇಕು. ಬಳಸಿ ಮುಗಿದದ್ದನ್ನು ಜಾವಾ ತಾನೇ ಗುಡಿಸಿ ಹಾಕುತ್ತದೆ, ಇಲ್ಲಿ ಆ ಕಸವನ್ನೆಲ್ಲ ಬರೆಯುವವರೇ ತೆಗೆಯಬೇಕು ಎಂದು ನನಗೆ ತಿಳಿಯುವ ಹಾಗೆ ಹೇಳಿದಳು. ಪರೀಕ್ಷೆಗೆಂದು ಮೊದಲು ಒಂದೇ ಗುಳಿ, ಇಬ್ಬರಿಗೂ ಒತ್ತಲು ಒಂದೊಂದು ಗುಂಡಿ. ಅಷ್ಟು ಓಡಿದರೆ ಪೂರ್ತಿ ಆಟವೂ ಓಡುತ್ತದೆ.

ಅಂದು ಅದು ಓಡಲಿಲ್ಲ. ಟಿವಿ ಕಪ್ಪಗೇ ಇತ್ತು. ಮಂಡಕ್ಕಿ ತಿನ್ನುತ್ತಾ ಮತ್ತೆ ಮತ್ತೆ ತಿದ್ದಿದಳು. ಇಷ್ಟು ಯಾಕೆ ಒದ್ದಾಡ್ತೀಯ ಅಂದೆ.

“ಆಗಲ್ಲ ಅಂತಾದ್ರೂ ಗೊತ್ತಾಗ್ಲಿ ಅಕ್ಕ. ಗೊತ್ತಾಗ್ದೆ ಬಿಡೋಕೆ ನಂಗೆ ಆಗಲ್ಲ.”

ಸಂಜೆಯ ಬಸ್ಸಿನಲ್ಲಿ ರಶ್ಶು ಇರುತ್ತದೆಂದು ಕನ್ಸೋಲನ್ನು ನಮ್ಮಲ್ಲೇ ಬಿಟ್ಟು ಹೋದಳು. ಮರುದಿನ ಪಾಠ ಮಾಡುತ್ತಿದ್ದಾಗ ತಲೆನೋವೆಂದು ಕುಳಿತವಳು ಏಳಲಿಲ್ಲ. ಶಿವಮೊಗ್ಗದ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು.

ತಿಂಗಳುಗಳು ಕಳೆದ ಮೇಲೆ, ಅವಳ ಜೊತೆ ಕಲಿಸುತ್ತಿದ್ದ ಮೇಡಂ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ತಂಗಿಯ ಗಂಡ ಅದನ್ನು ಅವರ ಕೈಗೆ ಕೊಟ್ಟಿದ್ದರಂತೆ. ಆ ಭಾನುವಾರ ಸೊರಬ ಮುಟ್ಟಿದ ಮೇಲೆ ಅವಳು ಮತ್ತೊಮ್ಮೆ ತಿದ್ದಿದ್ದು ಅದರಲ್ಲಿತ್ತು ಎಂದರು ಮೇಡಂ. ಓಡಿಸಿ ನೋಡಲು ಕನ್ಸೋಲ್ ಅವಳ ಬಳಿ ಇರಲಿಲ್ಲ.

ಮೇಡಂ ಅದನ್ನು ಪೆನ್‌ಡ್ರೈವ್‌ನಿಂದ ಕನ್ಸೋಲಿಗೆ ಹಾಕಿ, ಟಿವಿಗೆ ವೈರು ಸಿಕ್ಕಿಸಿದರು. ಟಿವಿಯ ಮೇಲೆ ಒಂದು ಗುಳಿ ಬಂತು. ಬೀಜಗಳು ಒಂದೊಂದಾಗಿ ಬಿದ್ದವು. ನಾಲ್ಕನೆಯದು ಬಿದ್ದಾಗ ನಾನು ಗುಂಡಿ ಒತ್ತಿದೆ. ಕರು ನನ್ನ ಬದಿಗೆ ಬಂತು.

“ಆಗುತ್ತೆ ರೀ,” ಎಂದರು ಮೇಡಂ. “ಅವ್ರು ಮಾಡಿದ್ದು ಸರಿ ಇದೆ.”

ನಾನು ತಲೆಯಾಡಿಸಿದೆ. ಅವರಿಗೆ ಕಾಫಿ ಮಾಡಲು ಎದ್ದೆ, ಒಲೆಯ ಮೇಲೆ ಹಾಲಿಟ್ಟೆ.

ಆಟ ಆಗುತ್ತದೆ. ಅದನ್ನು ಕೇಳಿಸಿಕೊಳ್ಳಲು ತಂಗಿ ಇಲ್ಲ.