ಕೂಲರಿನ ಟಾಂಕಿಯಲ್ಲಿ ಹೂಕೋಸು

ಈ ನಾಗಪುರದಲ್ಲಿ ಚಳಿ ಇನ್ನಷ್ಟು ಬೀಳಲಿ ಎಂದು ದೇವರಿಗೆ ಕೈ ಮುಗಿದ ಮುದುಕಿ ನಾನೊಬ್ಬಳೇ ಇರಬೇಕು. ನನ್ನ ಓರಗೆಯವರೆಲ್ಲ ಮೊಣಕಾಲು ಹಿಡಿದುಕೊಂಡು ಬಿಸಿಲು ಬೇಡುತ್ತಾರೆ. ನನ್ನ ಮೊಣಕಾಲೂ ನೋಯುತ್ತವೆ. ಆದರೆ ಮೊಣಕಾಲಿಗೆ ಎಣ್ಣೆ ಹಚ್ಚಬಹುದು, ಹೂಕೋಸಿಗೆ ಚಳಿಯನ್ನು ಎಲ್ಲಿಂದ ತಂದು ಹಚ್ಚಲಿ?

ಮೊದಲು ಕೂಲರಿನ ಮಾತು ಹೇಳಿಬಿಡುತ್ತೇನೆ. ಈ ಊರಿನಲ್ಲಿ ಬೇಸಿಗೆ ಬಂತೆಂದರೆ ಮನೆಯ ಯಜಮಾನ ಗಂಡಸಲ್ಲ, ಕೂಲರು. ಹೊತ್ತು ಹೊತ್ತಿಗೆ ಅದಕ್ಕೆ ನೀರು ಕುಡಿಸಬೇಕು, ಅದರ ಗದ್ದಲ ಕೇಳಬೇಕು, ಅದು ಮುನಿಸಿಕೊಂಡರೆ ರಮಿಸಬೇಕು. ನಮ್ಮ ಹಳೆಯ ಕೂಲರು ಹೋದ ಬೇಸಿಗೆಯಲ್ಲಿ ಪ್ರಾಣ ಬಿಟ್ಟಿತು. ಅದರ ತಳದ ನೀರಿನ ಟಾಂಕಿ ತುಕ್ಕು ಹಿಡಿದು ತೂತು ಬಿದ್ದಿತ್ತು. ಮಗ ಶ್ರೀಕಾಂತ ಅದನ್ನು ಮಾಳಿಗೆಯ ಮೇಲೆ ಒಗೆದಿದ್ದ. ನೀರು ನಿಲ್ಲದ ಟಾಂಕಿ ಕೂಲರಿಗೆ ದಂಡ. ಗಿಡಕ್ಕೆ ಬೇಕಾದದ್ದೇ ಅದು. ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದು ಕಡೆ ಕೆಲಸಕ್ಕೆ ಬಾರದ್ದು ಇನ್ನೊಂದು ಕಡೆ ಬರುತ್ತದೆ. ಮುದುಕಿಯರ ಬಗ್ಗೆ ಹೇಳುತ್ತಿಲ್ಲ, ಟಾಂಕಿಯ ಬಗ್ಗೆಯೇ ಹೇಳುತ್ತಿದ್ದೇನೆ.

ದಸರೆ ಮುಗಿದ ಮೇಲೆ ಅದರಲ್ಲಿ ಮಣ್ಣು, ಸಗಣಿಗೊಬ್ಬರ ತುಂಬಿ, ವಾರದ ಸಂತೆಯಿಂದ ನಾಲ್ಕು ಹೂಕೋಸಿನ ಸಸಿ ತಂದು ನೆಟ್ಟೆ. ಕೂಲರಿನ ಬದಿಗೆ ಕಟ್ಟಿದ್ದ ಹುಲ್ಲನ್ನು ಬಿಚ್ಚಿ ಬುಡಕ್ಕೆ ಹಾಸಿದೆ. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಟ್ಟ ಹುಲ್ಲು ಈಗ ಗಿಡವನ್ನು ತಂಪಾಗಿಡಲಿ ಎಂದು.

ಶ್ರೀಕಾಂತ ಹಿಂಗಣಾದ ಕಾರಖಾನೆಗೆ ಹೋಗುತ್ತಾನೆ. ರಜೆಯ ದಿನ ಅವನಿಗೆ ಮನೆ ಸ್ವಚ್ಛ ಮಾಡುವ ಹುಚ್ಚು. ಒಂದು ದಿನ ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಅವ್ವಾ, ಮಾಳಗಿ ಪೂರಾ ಖಾಲಿ ಮಾಡಿ ಬಿಳಿ ಬಣ್ಣ ಹೊಡಸೋದೈತಿ. ಈ ಟಾಂಕಿ ಭಂಗಾರದವಗ ಹಾಕತೀನಿ.” ಭಂಗಾರ ಅಂದರೆ ಇಲ್ಲಿ ಚಿನ್ನವಲ್ಲ, ಗುಜರಿ.

“ಭೋಗಿತನಕ ತಡಿ. ಈ ಸಲ ಭೋಗಿ ಪಲ್ಯಾಕ ಇದರಾಗಿನ ಹೂಕೋಸನ ಹಾಕತೀನಿ.”

“ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಒಯ್ಯಿ. ಮುಂದ ಮಾಳಗಿ ಮ್ಯಾಲ ಒಂದ ಕುಂಡಾ ಸಹಿತ ಇಡಂಗಿಲ್ಲ ನಾ.”

ಅಂದುಬಿಟ್ಟೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಆ ಹೊತ್ತಿಗೆ ಸಿಗುವ ಕಾಯಿಪಲ್ಯವನ್ನೆಲ್ಲ ಕೂಡಿಸಿ ಪಲ್ಯ ಮಾಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಜೊತೆ ತಿನ್ನುವುದು ನಮ್ಮ ಪದ್ಧತಿ. ಆ ಹೊತ್ತಿಗೆ ಹೂಕೋಸು ತಯಾರಾಗುತ್ತದೆಯೋ ಇಲ್ಲವೋ ನನಗೇನು ಗೊತ್ತಿತ್ತು? ಹಿಂದೆ ಒಮ್ಮೆಯೂ ಬೆಳೆದಿರಲಿಲ್ಲ.

ಬೆಳೆಯತೊಡಗಿದ ಮೇಲೆ ಎಷ್ಟೋ ತಿಳಿಯಿತು. ಬಿಳಿಯ ಚಿಟ್ಟೆ ಕಂಡರೆ ಓದಿದವರು ಪದ್ಯ ಬರೆಯುತ್ತಾರಂತೆ. ನಾನು ಟವೆಲ್ ಹಿಡಿದು ಓಡುತ್ತೇನೆ. ಅದು ಎಲೆಯ ಮೇಲೆ ಒಂದು ಗಳಿಗೆ ಕೂತು ಹೋದರೆ ಸಾಕು, ಹಿಂದೆ ಹಸಿರು ಹುಳುಗಳ ದೊಡ್ಡ ಸಂಸಾರವೇ ಇಳಿಯುತ್ತದೆ. ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಹುಳು ಆರಿಸುತ್ತಿದ್ದೆ. ಅಕ್ಷರ ಓದಲು ಕೊಟ್ಟ ಕನ್ನಡಕ ನನಗೆ ಹುಳು ಓದಲು ಉಪಯೋಗವಾಯಿತು.

ಹೂಕೋಸು ಎಂಬುದೇ ವಿಚಿತ್ರ ಹೂವು. ಮುಡಿಯಲು ಬಾರದು, ಮಾಲೆಗೆ ಬಾರದು. ಬೇರೆ ಹೂವು ಅರಳಲಿ ಎಂದು ಕಾಯುತ್ತೇವೆ. ಇದು ಅರಳಿತೆಂದರೆ ಕೆಟ್ಟಿತು. ಮೊಗ್ಗಾಗಿರುವಾಗಲೇ ಹಿಡಿದು ಬಾಣಲೆಗೆ ಹಾಕಬೇಕು. ಆದರೆ ನನ್ನ ಟಾಂಕಿಯಲ್ಲಿ ಮೊಗ್ಗೂ ಇಲ್ಲ. ಸೆಕೆ ಹೋಗಲೊಲ್ಲದು, ಬರೀ ಎಲೆ. ಸೊಸೆ ವೈಶಾಲಿ ಇಲ್ಲಿಯ ಮರಾಠಿ ಹುಡುಗಿ. ಕನ್ನಡವನ್ನು ನನ್ನಿಂದಲೇ ಕಲಿತವಳು, ಹಾಗಾಗಿ ಚುಚ್ಚು ಮಾತು ಮೊದಲು ಬಂದವು.

“ಅತ್ತಿ, ಎಲಿ ಮಸ್ತ್ ಬಂದಾವ್ರಿ. ಭೋಗಿಗೆ ಇದರದ ಝುಣಕಾ ಮಾಡೋಣೇನ್ರಿ?”

ಅವತ್ತೇ ನಾನು ದೇವರ ಮುಂದೆ ಕೂತು ಚಳಿ ಬೇಡಿದ್ದು. ಬಂತು. ಎಂಥ ಚಳಿ! ಶ್ರೀಕಾಂತ ಗಾಡಿಯ ಮೇಲೆ ಹೋಗುವಾಗ ಕಣ್ಣೆರಡನ್ನು ಬಿಟ್ಟು ಮುಖವನ್ನೆಲ್ಲ ಮಫ್ಲರಿನಲ್ಲಿ ಸುತ್ತಿಕೊಂಡ. ಓಣಿಯ ಜನ ಶೇಕೋಟಿ ಹಾಕಿ, ಬೆಂಕಿ ಕಾಯಿಸಿಕೊಳ್ಳುತ್ತ ಚಳಿಯನ್ನು ಬೈಯುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ, ತರಿಸಿದವಳು ನಾನೇ. ಸಂತೋಷಕ್ಕೆ ಹಲ್ಲು ಕಟಕಟ ಅನ್ನುತ್ತಿದ್ದವು, ಅಷ್ಟೇ.

ಎಲೆಗಳ ನಡುವೆ ಲಿಂಬೆಹಣ್ಣಿನಷ್ಟು ಬಿಳಿ ಕಂಡಿತು. ಬಿಸಿಲು ಬಿದ್ದರೆ ಹಳದಿಯಾಗುತ್ತದೆ ಎಂದು ಸಂತೆಯವಳು ಹೇಳಿದ್ದಳು. ಹಳೇ ಸೀರೆಯ ಅಂಚು ಹರಿದು, ನಾಲ್ಕೂ ಗಿಡದ ಎಲೆಗಳನ್ನು ಮೇಲೆತ್ತಿ ಕಟ್ಟಿಬಿಟ್ಟೆ. ಪಕ್ಕದ ಮಾಳಿಗೆಯ ಶೇವಂತಾಬಾಯಿ ಇಣುಕಿ ನೋಡಿ ನಕ್ಕಳು.

“ಅಗಬಾಯಿ! ಆಜಿ, ಗೋಬಿಲಾ ಸುದ್ಧಾ ಕಾನಟೋಪಿ?”

ಹೌದು, ನನ್ನ ಹೂಕೋಸಿಗೆ ಕಿವಿ ಮುಚ್ಚುವ ಟೋಪಿ. ನಿನ್ನ ಗಂಡನಿಗಿಂತ ಅದಕ್ಕೇ ಚೆನ್ನಾಗಿ ಒಪ್ಪುತ್ತದೆ, ಎಂದೆ. ಅವಳ ದೃಷ್ಟಿ ಬೇಡವೆಂದು ಆಮೇಲೆ ಗಂಟು ಬಿಚ್ಚಲೇ ಇಲ್ಲ. ಯಾರಿಗೂ ತೋರಿಸಲಿಲ್ಲ, ನಾನೂ ನೋಡಲಿಲ್ಲ. ಇದು ದಡ್ಡತನ. ಆದರೆ ದೃಷ್ಟಿಗೆ ಹೆದರುವವರ ದಡ್ಡತನಕ್ಕೆ ಔಷಧವಿಲ್ಲ.

ಭೋಗಿಯ ಬೆಳಿಗ್ಗೆ ಎಲ್ಲರೂ ಮಾಳಿಗೆಗೆ ಬಂದರು. ಶೇವಂತಾಬಾಯಿ ಗೋಡೆಯ ಆಚೆ ಚಹಾದ ಕಪ್ಪು ಹಿಡಿದು ನಿಂತಳು. ಮೊದಲ ಗಂಟು ಬಿಚ್ಚಿದೆ. ಒಳಗೆ ಬರೀ ದಂಟು. ನಾನು ಕಟ್ಟಿಕೊಟ್ಟ ಬೆಚ್ಚಗಿನ ಮನೆಯಲ್ಲಿ ಹುಳುಗಳು ಆಗಲೇ ಭೋಗಿ ಊಟ ಮುಗಿಸಿದ್ದವು.

“ಭಂಗಾರದವಗ ಫೋನ್ ಮಾಡ್ಲೇನವಾ?” ಎಂದ ಮಗ.

“ಬಾಯಿ ಮುಚ್ಚಿ ನೋಡು.”

ಎರಡನೆಯದು ಬಿಚ್ಚಿದೆ. ತೆಂಗಿನಕಾಯಿಯಷ್ಟು ದಪ್ಪ, ಹಾಲಿನ ಕೆನೆಯಂಥ ಬಿಳಿ. ಮೂರನೆಯದು ಅದರ ತಂಗಿ. ವೈಶಾಲಿ ಚಪ್ಪಾಳೆ ಹೊಡೆದಳು. ಶೇವಂತಾಬಾಯಿ ಚಹಾ ಕುಡಿಯುವುದನ್ನೇ ಮರೆತಳು. ಕಷ್ಟಪಟ್ಟು ಬೆಳೆದದ್ದನ್ನು ಕೊಯ್ಯುವಾಗ ಕಣ್ಣಲ್ಲಿ ನೀರು ಬರುತ್ತದೆ ಎನ್ನುತ್ತಾರೆ. ನನಗೆ ಬಾಯಲ್ಲಿ ಬಂತು.

ಶ್ರೀಕಾಂತ ಮೂರು ಸಲ ಪಲ್ಯ ಹಾಕಿಸಿಕೊಂಡ. ಟಾಂಕಿಯ ಮಾತು ಎತ್ತಲಿಲ್ಲ. ಕೈ ತೊಳೆಯುವಾಗ ಮಾತ್ರ, “ಅದರ ಸುತ್ತಮುತ್ತ ಬಣ್ಣ ಹೊಡದ್ರೂ ನಡೀತೈತಿ ಬಿಡವಾ,” ಎಂದ.

ನಾಲ್ಕನೆಯದು ಲಿಂಬೆಹಣ್ಣಿನಷ್ಟೇ ಉಳಿದಿತ್ತು. ಕೀಳಲು ಬೇಸರವಾಗಿ ಬಿಟ್ಟೆ. ಸಂಕ್ರಾಂತಿ ಕಳೆದು ಬಿಸಿಲು ಏರಿದ್ದೇ ತಡ, ಅದು ಉದ್ದುದ್ದ ಬೆಳೆದು ಮೈತುಂಬ ಸಣ್ಣ ಹಳದಿ ಹೂವು ಬಿಟ್ಟಿತು. ಅರಳಿದರೆ ಕೆಟ್ಟಿತು ಎಂದವಳು ನಾನೇ. ಜೇನುಹುಳುಗಳನ್ನು ನೋಡಿದರೆ ಹಾಗೆ ಕಾಣಲಿಲ್ಲ. ಒಂದು ಟೊಂಗೆ ಮುರಿದು ತಂದು ದೇವರಿಗೆ ಏರಿಸಿದೆ. ಹೂಕೋಸು ಏರಿಸುತ್ತಾರೇನ್ರಿ ಎಂದು ವೈಶಾಲಿ ನಕ್ಕಳು. ಚಳಿ ಕೇಳಿದ್ದಕ್ಕೆ ಚಳಿ ಕೊಟ್ಟವನು, ಹೂವಿನ ಜಾತಿ ಕೇಳುತ್ತಾನೆಯೇ?